ಜಯದೇವಿ ಟೀಚರ್ ಅಭಿಪ್ರಾಯ

ಜಯನಗರದ ಫಿಲಂ ಸೊಸೈಟಿಯಲ್ಲಿ ಸಿನಿಮಾ ಮುಗಿದ ಮೇಲೆ ಮೊದಲು ಮಾತಾಡುತ್ತಿದ್ದವರು ಬ್ಯಾಂಕ್ ಗುಮಾಸ್ತ ಚನ್ನಬಸವಯ್ಯ. ನೋಡಿದವರ ಅಭಿಪ್ರಾಯಗಳನ್ನು ಟೈಪ್ ಮಾಡಿ ಮುಂದಿನ ತಿಂಗಳು ಹಂಚುವ ಕೆಲಸವೂ ಅವರದೇ.

೧೯೭೯ರ ಒಂದು ಭಾನುವಾರ ಹಳೆಯ ಇಟಾಲಿಯನ್ ಥ್ರಿಲ್ಲರ್ ತೋರಿಸಿದರು. ಕೊಲೆ ಮಾಡಿದ್ದು ಯಾರೆಂದು ಕೊನೆಯವರೆಗೂ ಊಹಿಸಲಾಗಲಿಲ್ಲ ಎಂದರು ಚನ್ನಬಸವಯ್ಯ.

"ನಂಗೆ ಅರ್ಧದಲ್ಲೇ ಗೊತ್ತಾಯ್ತು ಸಾರ್," ಎಂದರು ಹೊಸದಾಗಿ ಸೇರಿದ್ದ ಕನ್ನಡ ಟೀಚರ್ ಜಯದೇವಿ. "ಚಾಕು ಹಿಡಿದಿದ್ದು ಎಡಗೈ. ಆ ಹೆಂಗಸು ಸಿಗರೇಟು ಹಚ್ಚಿದ್ದೂ ಎಡಗೈಲೇ."

ಎಲ್ಲರೂ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು. ಚನ್ನಬಸವಯ್ಯನವರಿಗೆ ಹೊಟ್ಟೆ ಉರಿದುಹೋಯಿತು.

ತ್ಯಾಗರಾಜನಗರದ ಮನೆಯಲ್ಲಿ ಕೂತು ತಮ್ಮ ಅಭಿಪ್ರಾಯವನ್ನೇ ಒಂದೂವರೆ ಪುಟ ಟೈಪ್ ಮಾಡಿದರು. ಜಯದೇವಿಯ ಮಾತನ್ನು ಬೇಕೆಂದೇ ಬಿಟ್ಟರು.

ಮುಂದಿನ ತಿಂಗಳು ಹಾಳೆ ಓದಿದ ಜಯದೇವಿ, "ಜಾಗ ಸಾಲಲಿಲ್ವೇನೋ, ಪರವಾಗಿಲ್ಲ ಬಿಡಿ ಸಾರ್," ಎಂದರಷ್ಟೆ.

ಚನ್ನಬಸವಯ್ಯನವರಿಗೆ ತಡೆಯಲಾಗಲಿಲ್ಲ. "ಅವತ್ತು ಹೇಗ್ರೀ ಕಂಡುಹಿಡಿದ್ರಿ?"

"ಕೆಳಗೆ ಬರೋ ಇಂಗ್ಲಿಷು ಅಷ್ಟು ಬೇಗ ಓದಕ್ಕಾಗಲ್ಲ ಸಾರ್. ಅದಕ್ಕೇ ಬರೀ ಜನಾನ ನೋಡ್ತಾ ಕೂತಿದ್ದೆ."

ಅಂದಿನ ಸಿನಿಮಾ ಶುರುವಾದಾಗ ಚನ್ನಬಸವಯ್ಯನವರೂ ಅಕ್ಷರಗಳನ್ನು ಬಿಟ್ಟು ಮುಖಗಳನ್ನೇ ನೋಡತೊಡಗಿದರು. ಹತ್ತೇ ನಿಮಿಷಕ್ಕೆ ಕಥೆ ಕೈತಪ್ಪಿತು. ಪಕ್ಕದ ಸಾಲಿನಲ್ಲಿ ಜಯದೇವಿ ಯಾವುದಕ್ಕೋ ಮೆಲ್ಲಗೆ ನಗುತ್ತಿದ್ದರು. ಯಾವುದಕ್ಕೆಂದು ತಿಳಿಯದೆ ಚನ್ನಬಸವಯ್ಯ ಮತ್ತಷ್ಟು ಕರುಬಿದರು.