ಸ್ಕೂಲು ಬಿಟ್ಟ ಮೇಲೆ, ಅಕ್ಕ ಬರುವವರೆಗೆ

ಒಂದು ಗಳಿಗೆ ತಾಳಿ. ಮಗುವನ್ನು ಸಾಯಂಕಾಲದ ಹೊತ್ತು ಯಾರ ಮನೆಯಲ್ಲಿ ಬಿಡುವುದು ಅಂತ ಇವತ್ತೇ ತೀರ್ಮಾನ ಮಾಡಿಬಿಟ್ಟಿದ್ದರೆ, ಅದನ್ನು ನಾಳೆಗೆ ಹಾಕಿ ಮೊದಲು ಇದನ್ನು ಓದಿ. ಹೋದ ವರ್ಷ ಚನ್ನಪಟ್ಟಣದಲ್ಲಿ ಇದೇ ಕೆಲಸಕ್ಕೆ ಬೀದಿ ಬೀದಿ ಅಲೆದು, ತಲೆ ಕೆಡಿಸಿಕೊಂಡು, ಮನೆಯವರ ಹತ್ತಿರವೆಲ್ಲ ಜಗಳ ಆಡಿ ಬಂದವನು ನಾನು. ಆ ಅಲೆದಾಟ ನಿಮಗಾದರೂ ತಪ್ಪಲಿ.

ನಾನು ದೊಡ್ಡ ಓದು ಓದಿದವನಲ್ಲ. ಬೇಗ ಸ್ಕೂಲು ಬಿಟ್ಟು ಕ್ಲೋಸ್‌ಪೇಟೆಯ ರೇಷ್ಮೆಗೂಡಿನ ಮಂಡಿಯಲ್ಲಿ ತಕ್ಕಡಿ ಹಿಡಿಯಲು ಸೇರಿದವನು. ಗೂಡು ಕಟ್ಟಿಕೊಂಡು ಬಂದ ಹಳೆಯ ಪತ್ರಿಕೆಗಳನ್ನು ಬಿಡಿಸಿ, ಸುಕ್ಕು ನೀವಿ ಓದಿದ್ದೇ ನನ್ನ ವಿದ್ಯೆ. ಬೆಳಿಗ್ಗೆ ರೈಲಿಗೆ ಹೋದರೆ ಮರಳಿ ಮನೆ ಸೇರುವುದು ಕತ್ತಲಾದ ಮೇಲೆಯೇ.

ಮನೆಯಲ್ಲಿ ನಾವು ಮೂರೇ ಜನ. ಅಕ್ಕ, ಅವಳ ಮಗಳು, ನಾನು. ಭಾವ ತೀರಿಕೊಂಡ ಮೇಲೆ ಅಕ್ಕ ಸಾಬರೊಬ್ಬರ ಚರಕದ ಮನೆಗೆ ನೂಲು ತೆಗೆಯಲು ಹೋಗುತ್ತಾಳೆ. ಅಲ್ಲಿಗೆ ಮಗುವನ್ನು ಕರೆದೊಯ್ಯುವ ಹಾಗಿಲ್ಲ. ಗೂಡು ಬೇಯುವ ಕುದಿನೀರಿನ ಕೊಳಗ ನೆಲದ ಮಟ್ಟಕ್ಕೇ ಇರುತ್ತದೆ. ಕೆಲಸವನ್ನು ನಡುವೆ ಬಿಟ್ಟು ಬರುವ ಹಾಗೂ ಇಲ್ಲ. ಬೆಂದ ಗೂಡನ್ನು ಅವತ್ತೇ ಬಿಚ್ಚಿ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಹುಡುಗಿಗೆ ಆರು ತುಂಬಿ ಏಳು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಓದುತ್ತಾಳೆ, ಓದು ಅಂದರೆ ಆಸೆ. ಆದರೆ ಸ್ಕೂಲು ಬಿಟ್ಟ ಹೊತ್ತಿಗೂ ಅಕ್ಕ ಮನೆಗೆ ಬರುವ ಹೊತ್ತಿಗೂ ನಡುವೆ ಒಂದು ದೊಡ್ಡ ಹೊಂಡ ಇತ್ತು.

ಒಂದು ಸಂಜೆ ಮಗು ಆ ಹೊಂಡಕ್ಕೆ ಬಿದ್ದೇಬಿಟ್ಟಿತು. ನಮ್ಮ ದೊಡ್ಡಪ್ಪ ವಿರೂಪಾಕ್ಷಿಪುರದ ಕಡೆಯವನು, ಹೊಲ ಮನೆ ಇರುವ ಗಟ್ಟಿ ಕುಳ. ಅವತ್ತು ಸಂತೆ ಮುಗಿಸಿ ಗಾಡಿಯಲ್ಲಿ ಹೋಗುತ್ತಿದ್ದವನಿಗೆ ಮಬ್ಬುಗತ್ತಲಲ್ಲಿ ರೈಲುಗೇಟಿನ ಹತ್ತಿರ ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಮ್ಮ ಕೂಸು ಕಂಡಿತು. ನಾನು ರೈಲಿಳಿದು ಮನೆಗೆ ಬಂದಾಗ ಅವನು ಜಗಲಿಯ ಮೇಲೆ ಕೂತು ಅಕ್ಕನನ್ನು ಬೈಯುತ್ತಿದ್ದ.

"ಕತ್ಲಾದ್‌ಮ್ಯಾಲೆ ಹೆಣ್ಮಗ ಬೀದೀಲಿ ಕೂತದೆ. ಇದೇನಾ ನೀವು ಮಗ ಸಾಕೋದು? ಕಾರ್ತೀಕ ಮುಗಿಯೋದ್ರೊಳಗೆ ಬತ್ತೀನಿ, ನಮ್ಮೂರಿಗೆ ಕರ್ಕೊಂಡೋಗ್ತೀನಿ. ಎರಡು ಆಡು ಮೇಯಿಸ್ಕೊಂಡು, ನಮ್ಮನೆ ಚಿಕ್ಕವನ್ನ ಎತ್ಕೊಂಡು ಇರ್ತಳೆ."

"ಸ್ಕೂಲು ದೊಡ್ಡಪ್ಪ?" ಅಂದೆ.

"ಸ್ಕೂಲು ಗೇಟ್‌ತಾವ ಕೂರ್ಸೋದು ಕಲಿಸ್ತದಾ? ಸುಮ್ಕಿರ್ಲಾ."

ಅವನ ಮಾತು ಮೀರುವುದು ಅಕ್ಕನಿಂದ ಆಗದು. ನನ್ನಿಂದ ಆಗುತ್ತದೆ, ಆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರ್ತೀಕದೊಳಗೆ ಒಳ್ಳೆಯ ಜಾಗ ಸಿಗಲಿಲ್ಲವೋ, ಮಗುವಿನ ಓದಿಗೆ ಅಲ್ಲಿಗೇ ಮಂಗಳ.

ನಾನು ಊರನ್ನೆಲ್ಲ ವಿಚಾರಿಸಲು ಹೊರಟೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಿತ್ತ ಕೆದರುವುದು. ಸ್ಕೂಲಿಗಾದರೆ ಇನ್‌ಸ್ಪೆಕ್ಟರು ಬರುತ್ತಾರೆ. ಬೋರ್ಡು ಒರೆಸಿರುತ್ತಾರೆ, ಮಕ್ಕಳ ಮೂಗೂ ಒರೆಸಿರುತ್ತಾರೆ. ಸ್ಕೂಲು ಬಿಟ್ಟ ಮೇಲಿನ ಹೊತ್ತಿಗೆ ಯಾವ ಇನ್‌ಸ್ಪೆಕ್ಟರು? ಆಡಿನ ಹಲ್ಲು ಬಿಡಿಸಿ ನೋಡುವವರು, ಬೆಂಡೆಕಾಯಿಯ ತುದಿ ಮುರಿದು ನೋಡುವವರು, ಮಗುವನ್ನು ಬಿಡುವ ಮನೆಯನ್ನು ಮಾತ್ರ ಇಣುಕಿಯೂ ನೋಡುವುದಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: "ಅಯ್ನೋರ ಜಗಲಿಗೆ ಬುಡಿ. ಮಗ್ಗಿ ಹೆಂಗೆ ಕೂಗುಸ್ತಾರೆ ಅಂದ್ರೆ, ಕೆರೆ ಏರಿಗೆ ಕೇಳ್ತದೆ."

ನಮ್ಮೂರಲ್ಲಿ ಅಳತೆಯೇ ಅದು. ಮಗ್ಗಿಯ ಕೂಗು ಎಷ್ಟು ದೂರ ಕೇಳುತ್ತದೋ ಅಷ್ಟು ಒಳ್ಳೆಯ ಮೇಷ್ಟರು. ಈ ಅಯ್ಯನವರು ಪೆನ್ಷನ್ ಆದ ಮೇಷ್ಟರು, ಸಂಜೆ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ನಾನೂ ಬೀದಿಯ ಕೊನೆಯಲ್ಲಿ ನಿಂತು ಕೇಳಿದೆ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ಹೆಂಚು ಹಾರುವ ಹಾಗಿತ್ತು. ಸಂತೋಷವಾಗಿ ಮಗುವನ್ನು ಸೇರಿಸಿದೆ.

ಮಂಡಿಗೆ ರಜ ಇದ್ದ ಒಂದು ದಿನ ಹೇಳದೆ ಕೇಳದೆ ಜಗಲಿ ಹತ್ತಿದೆ. ಮಗ್ಗಿ ಹೆಬ್ಬಾವಿನ ಹಾಗೆ ಹರಿಯುತ್ತಲೇ ಇತ್ತು. ಅಯ್ಯನವರು ಇರಲಿಲ್ಲ. ಅವರ ಮಣೆಯ ಮೇಲೆ ಒಬ್ಬ ದೊಡ್ಡ ಹುಡುಗ ಬೆತ್ತ ಹಿಡಿದು ಕೂತಿದ್ದ. ಇಬ್ಬರು ಬಾಯಲ್ಲಿ ಮಗ್ಗಿ ಹೇಳುತ್ತಾ ಕೈಯಲ್ಲಿ ಗೋಲಿ ಆಡುತ್ತಿದ್ದರು. ನಮ್ಮ ಕೂಸು ಹಿತ್ತಲ ಬಾವಿಯ ಕಟ್ಟೆಗೆ ಹೊಟ್ಟೆ ಆನಿಸಿ, ಅರ್ಧ ಮೈ ಒಳಗೆ ಬಗ್ಗಿಸಿ, ಹತ್ತೆಂಟ್ಲೆ ಎಂಬತ್ತು ಅಂತ ಬಾವಿಯೊಳಕ್ಕೆ ಕೂಗಿ ಪ್ರತಿಧ್ವನಿ ಕೇಳುತ್ತಿದ್ದಳು.

ಹಿಂದಿನಿಂದ ಸೊಂಟ ಹಿಡಿದು ಎತ್ತಿಕೊಂಡೆ. 

"ಅಯ್ನೋರು ಎಲ್ಲವ್ವ?"

"ಪೇಟೇಗೆ ಹೋಗವ್ರೆ ಮಾವ. ದಿನಾ ಹೋಯ್ತಾರೆ. ಜೋರಾಗಿ ಹೇಳ್ತಿರಿ, ನಿಲ್ಲಿಸ್ಬೇಡಿ, ನಿಲ್ಲಿಸಿದ್ರೆ ಯಾರಾರ ಒಳೀಕೆ ಬಂದಾರು ಅಂತ ಹೇಳವ್ರೆ."

ಇಡೀ ಊರು ಮೆಚ್ಚಿದ್ದು ಈ ಕೂಗನ್ನು. ಅಯ್ಯನವರು ಬರುವವರೆಗೂ ಕಾದಿದ್ದು ಜಗಳ ತೆಗೆದೆ. ಅವರು ನಶ್ಯ ಏರಿಸುತ್ತಾ, "ಮಗ್ಗಿ ಬಂತೋ ಇಲ್ಲವೋ ಹೇಳಪ್ಪ" ಅಂದರು. ಬಂದಿತ್ತು. ಅದೇ ಇನ್ನೂ ಉರಿ ಹತ್ತಿಸಿತು.

ಆಮೇಲೆ ಅಕ್ಕ ತನ್ನ ಗಂಡನ ಕಡೆಯ ದೂರದ ಅತ್ತೆಯೊಬ್ಬಳ ಮನೆ ಹೇಳಿದಳು. ದೊಡ್ಡ ಹಜಾರ, ಸಾರಿಸಿದ ನೆಲ, ಗೋಡೆಯ ಗೂಡಿನಲ್ಲಿ ಅರಗಿನ ಬಣ್ಣದ ಗೊಂಬೆಗಳ ಸಾಲು. ಇಲ್ಲಿ ನಾನು ಬೀದಿಯಲ್ಲಿ ನಿಲ್ಲದೆ ಒಳಗೇ ಹೋಗಿ ನೋಡಿದೆ, ಬಾವಿಗೆ ಮುಚ್ಚಳ ಇದೆಯಾ ಅಂತಲೂ ನೋಡಿದೆ. ಮೆಚ್ಚಿಕೊಂಡು ಬಂದೆ. ದಿನ ಕಳೆದಂತೆ ಮಗು ಊಟಕ್ಕೆ ಕೂತಲ್ಲೇ ತೂಕಡಿಸತೊಡಗಿತು. ಅಂಗೈ ಹಸಿರು, ಉಗುರ ಸಂದಿಯಲ್ಲಿ ಕಪ್ಪು. ಮೂಸಿ ನೋಡಿದೆ. ಹಿಪ್ಪುನೇರಳೆ ಸೊಪ್ಪು. ಮಂಡಿಯಲ್ಲಿ ಕೆಲಸ ಮಾಡುವ ನನಗೆ ಆ ವಾಸನೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ನೋಡದೆ ಬಿಟ್ಟಿದ್ದ ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ರೇಷ್ಮೆಹುಳು ಮೇಯುತ್ತಿತ್ತು. ಮಗುವಿಗೆ ಸೊಪ್ಪು ಹೆಚ್ಚುವ, ತಟ್ಟೆಯ ಹಿಕ್ಕೆ ತೆಗೆಯುವ ಕೆಲಸ.

ಕೇಳಲು ಹೋದರೆ ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಮಗ ಸುಮ್ಕೆ ಕೂತ್ರೆ ಬ್ಯಾಸ್ರ ಆಯ್ತದೆ ಅಂತ ಕೊಟ್ಟೆ ಕಣಪ್ಪ. ನಾಳೆ ಗಂಡನ ಮನೇಲಿ ಬ್ಯಾಡ್ವಾ?" ಅಂದಳು.

"ಗೊಂಬೆ ಕೊಡಬಹುದಿತ್ತಲ್ಲ ಅತ್ತೆ?"

"ಗೊಂಬೆ ಮುಟ್ಟಿದ್ರೆ ಬಣ್ಣ ಹೋಯ್ತದೆ."

ಇದೂ ಸಾಲದು ಅಂತ ಇಬ್ಬರದೂ ಒಂದೇ ಹಾಡು. ದೀಪ ಹಚ್ಚುವುದಕ್ಕೆ ಮುಂಚೆ ಮಕ್ಕಳನ್ನು ಹೊರಗೆ ಕಳಿಸಿಬಿಡಬೇಕು. ಅಯ್ಯನವರಿಗೆ ಸಂಧ್ಯಾವಂದನೆ, ಅತ್ತೆಗೆ ಅಡುಗೆ. ಅಂದರೆ ನಮಗೆ ಯಾವ ಹೊತ್ತು ಬೇಕೋ ಸರಿಯಾಗಿ ಆ ಹೊತ್ತಿಗೇ ಬಾಗಿಲು ಹಾಕುವುದು. ಪಕ್ಕದ ಮನೆಯವರು ಒಂದಿಷ್ಟು ಹೊತ್ತು ನೋಡಿಕೊಂಡರೆ ಉಂಟು, ಇಲ್ಲದಿದ್ದರೆ ಮತ್ತೆ ರೈಲುಗೇಟು. ಕಾರ್ತೀಕ ಹತ್ತಿರ ಬಂತು.

ಕೊನೆಗೆ ಉಳಿದದ್ದು ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡುವ ಒಬ್ಬ ಅಜ್ಜಿ. ಚರಕದ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಆ ಬೀದಿಯ ನಾಲ್ಕಾರು ಮಕ್ಕಳು ಅವಳ ಅಂಗಳದಲ್ಲೇ ಬೆಳೆಯುತ್ತಿದ್ದವು. ನಾನು ಹೋದಾಗ ಒಂದು ಅಳುತ್ತಿತ್ತು, ಇನ್ನೊಂದು ಮರ ಹತ್ತಿತ್ತು, ಮತ್ತೊಂದರ ತಲೆಯ ಮೇಲೆ ಮಣ್ಣಿತ್ತು. ಮಗ್ಗಿ ಇಲ್ಲ, ಪದ್ಯ ಇಲ್ಲ.

"ಇಲ್ಲಿ ಏನು ಕಲಿಸ್ತೀರಿ ಅಜ್ಜಿ?" ಅಂತ ಇನ್‌ಸ್ಪೆಕ್ಟರ ಹಾಗೆಯೇ ಕೇಳಿದೆ.

"ನಾನೇನ್ ಕಲಿಸ್ಲಿ? ಓದು ಬಂದಿದ್ರೆ ಎಲೆ ಯಾಕೆ ಹಚ್ತಿದ್ದೆ?" ಅಂದವಳು, ಎಲೆಯ ಕಡ್ಡಿಗೆ ಕೈ ಹಾಕಿದ ಮಗುವಿನ ಕಡೆ ತಿರುಗಿ, "ಮಡಗ್ಲಾ ಅದ, ಕಣ್ಗೆ ಚುಚ್ಕೊಂಡೀಯ" ಅಂತ ಗದರಿದಳು.

ನನ್ನ ಲೆಕ್ಕದಲ್ಲಿ ಫೇಲು. ಬೇರೆ ದಾರಿ ಇಲ್ಲದೆ ಬಿಟ್ಟೆವು.

ಮುಂದಿನ ರಜದ ದಿನ ಮಗುವನ್ನು ಕರೆತರಲು ನಾನೇ ಹೋದೆ. ಆಗ ತಾನೇ ದೀಪ ಹಚ್ಚಿದ್ದಳು. ಕಳಿಸಿ ಅಂದೆ. "ಒಸಿ ತಾಳಪ್ಪ, ದೀಪ ಅಂಟ್ಸಿವ್ನಿ. ಈ ಹೊತ್ನಲ್ಲಿ ಹೆಣ್ಮಗ ಹೊಸ್ಲು ದಾಟಿದ್ರೆ ಮನೆ ಲಕ್ಷ್ಮಿ ದಾಟ್ದಂಗೆ. ಅವ್ರವ್ವ ಬಂದು ಕರೀಲಿ, ಕಳಿಸ್ತೀನಿ" ಅಂದಳು.

ಮಗು ಅವಳದಲ್ಲ, ನಮ್ಮದು. ಲಕ್ಷ್ಮಿ ಆದರೂ ನಮ್ಮ ಮನೆಯವಳು. ಹೀಗೆಲ್ಲ ವಾದ ಮಾಡಿದೆ. ಪತ್ರಿಕೆಯಲ್ಲಿ ಓದಿದ್ದ ಮೂಢನಂಬಿಕೆಯ ವಿಷಯವನ್ನೂ ಬಿಡಿಸಿ ಹೇಳಿದೆ.

"ಇದೆಲ್ಲ ಹಳೇ ಕಾಲದ್ದು ಅಜ್ಜಿ."

"ಕಾಲ ಹಳೇದಾಗ್ಲಿ ಕಣಪ್ಪ. ಕತ್ಲೆ ದಿನಾ ಹೊಸ್ದಾಗೇ ಬತ್ತದೆ. ಕೂತ್ಕೊ."

ಕೂತೆ. ಬೇರೆ ಹೆಣ್ಣುಮಕ್ಕಳೂ ಒಳಗೆ ದೀಪದ ಸುತ್ತ ಕೂತಿದ್ದವು. ಒಬ್ಬೊಬ್ಬರ ತಾಯಿ ಬಂದ ಹಾಗೆ ಹೆಸರು ಹಿಡಿದು ಕರೆದರೆ ಒಬ್ಬೊಬ್ಬರನ್ನೇ ಬಿಡುತ್ತಿದ್ದಳು. ಅಕ್ಕ ಬಂದಾಗ ಸರಿಯಾಗಿ ಕತ್ತಲು. ದಾರಿಯುದ್ದಕ್ಕೂ ನಾನು ಅಜ್ಜಿಯನ್ನು ಬೈದೆ. ಅಕ್ಕ ಕೇಳಿಸಿಕೊಂಡು, "ಲೋ, ಎಲ್ರೂ ಆ ಹೊತ್ಗೆ ಹೊರೀಕೆ ದಬ್ತಾರೆ. ಇವ್ಳೊಬ್ಳು ಒಳೀಕೆ ಮಡೀಕತಾಳೆ. ಅದ್ಕೂ ಬೈತೀಯಲ್ಲ" ಅಂದಳು.

ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಒಪ್ಪಿಸಿದ್ದು ದೊಡ್ಡಪ್ಪ.

ಕಾರ್ತೀಕದ ಒಂದು ರಜದ ದಿನ ಗಾಡಿ ಕಟ್ಟಿಕೊಂಡು ಬಂದೇಬಿಟ್ಟ. ಮಗು ಎಲ್ಲಿ ಅಂತ ಕೇಳಿ, ನನ್ನನ್ನೂ ಹತ್ತಿಸಿಕೊಂಡು ನೇರ ಅಜ್ಜಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಅಜ್ಜಿ ಆಗಷ್ಟೇ ದೀಪಕ್ಕೆ ಕೈ ಮುಗಿದು ಎದ್ದಿದ್ದಳು.

"ಮಗೀನ ಕಳ್ಸವ್ವ. ನಾನು ಅವಳ ತಾತ."

"ತಾತನಾರ ಆಗು, ಮುತ್ತಾತನಾರ ಆಗು. ದೀಪ ಅಂಟ್ಸಾಯ್ತು. ಅವ್ರವ್ವ ಬರ್ಲಿ."

"ಗಾಡಿ ಕಟ್ಟಿ ನಿಂತೈತೆ."

"ನಿಂತಿರ್ಲಿ. ಎತ್ಗಳೂ ಒಸಿ ದಣಿವಾರಿಸ್ಕೊಳ್ಳಿ."

ದೊಡ್ಡಪ್ಪನ ಮೀಸೆ ಕುಣಿಯತೊಡಗಿತು. "ನಾನ್ಯಾರು ಗೊತ್ತಾ ನಿಂಗೆ?"

"ಯಾರಾರ ಆಗ್ಲಿ. ಈ ಹೊತ್ನಲ್ಲಿ ನಿಮ್ಮನೆ ಬಾಗ್ಲಿಗೆ ಬಂದು ಉಪ್ಪು ಕೇಳಿದ್ರೆ ಕೊಟ್ಟೀಯ?"

 ಉಪ್ಪಿರಲಿ, ಆ ಹೊತ್ತಿನಲ್ಲಿ ದೊಡ್ಡಪ್ಪನ ಮನೆಯಿಂದ ಸೂಜಿ ಕೂಡ ಆಚೆ ಹೋಗುವುದಿಲ್ಲ. ಒಮ್ಮೆ ಮೊಸರಿಗೆ ಬಂದ ಸೊಸೆಯ ತಮ್ಮನನ್ನೇ ಬರಿಗೈಲಿ ಕಳಿಸಿದವನು.

"ಉಪ್ಪೇ ಕೊಡಕಿಲ್ಲ. ಹೆಣ್ಮಗ ಕೊಡು ಅಂತೀಯಲ್ಲ" ಅಂದಳು ಅಜ್ಜಿ.

ದೊಡ್ಡಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂತ. ಒಳಗೆ ನಮ್ಮ ಕೂಸು ದೀಪದ ಪಕ್ಕ ಸ್ಲೇಟಿಟ್ಟುಕೊಂಡು ಬರೆಯುತ್ತಿತ್ತು. ಅಜ್ಜಿ ಕಾಲು ಚಾಚಿ ಕೂತು, "ಇವತ್ತೇನ್ ಹೇಳ್ಕೊಟ್ರವ್ವ ಸ್ಕೂಲಲ್ಲಿ?" ಅಂತ ಕೇಳಿದಳು. ಮಗು ಎಲ್ಲವನ್ನೂ ಹೇಳಿತು. ಕಾಗೆ ಕತೆ, ಪಕ್ಕದವಳು ಬಳಪ ತಿಂದದ್ದು, ಎಲ್ಲ. ಅಜ್ಜಿ ಪ್ರತಿಯೊಂದಕ್ಕೂ "ಆಮ್ಯಾಕೆ?" ಅಂದಳು. ಇಷ್ಟು ತಿಂಗಳಲ್ಲಿ ನಾನಾಗಲಿ ಅಕ್ಕನಾಗಲಿ ಅದನ್ನು ಕೇಳುವಷ್ಟು ಹೊತ್ತು ಎಚ್ಚರವಾಗಿರಲಿಲ್ಲ. ದೊಡ್ಡಪ್ಪ ಬೀದಿಯ ಕಡೆ ಮುಖ ಮಾಡಿ ಕೂತಿದ್ದ, ಆದರೆ ಕಿವಿ ಒಳಗಿತ್ತು.

ಅಕ್ಕ ಬಂದಳು. ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಕೈ, ಮೈಯೆಲ್ಲ ಗೂಡಿನ ವಾಸನೆ. ದೊಡ್ಡಪ್ಪನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ದಿನಾ ಹಿಂಗೇಯಾ?" ಅಂದ ಅವನು.

"ಹೂಂ ಕಣ್ ದೊಡ್ಡಪ್ಪ. ನಾ ಬರಗಂಟ ಕಳ್ಸಕಿಲ್ಲ."

"ಕತ್ಲಲ್ಲಿ ಬೀದೀಲಿರ್ತದೆ ಅಂತ ತಾನೇ ನಾ ಅಂದಿದ್ದು." ರುಮಾಲು ಸುತ್ತಿಕೊಂಡು ಎದ್ದ. "ಬೀದೀಲಿಲ್ವಲ್ಲ. ಓದ್ಲಿ ಬುಡು."

ಇಷ್ಟೇ. ನಾನು ಅಷ್ಟು ದಿನ ಗಂಟಲು ಹರಿದುಕೊಂಡು ಹೇಳಿದ್ದಕ್ಕೆ ಸೊಪ್ಪು ಹಾಕದವನು, ಉಪ್ಪಿನ ಮಾತಿಗೆ ಸೋತ. ಗಾಡಿ ಹತ್ತುವಾಗ ನನ್ನನ್ನು ಹತ್ತಿರ ಕರೆದು, "ಲೇ, ನಮ್ಮನೇವೂ ಎರಡವೆ. ಸ್ಕೂಲಿಗೆ ಅಂತ ನಿಮ್ಮನೇಲಿ ತಂದ್ಬುಟ್ರೆ, ಈ ಮುದ್ಕಿ ಇಸ್ಕೋತಾಳಾ ಕೇಳ್ಲಾ" ಅಂದ. ಎರಡು ಆಡು ಮೇಯಿಸಲಿಕ್ಕೆ ಮಗುವನ್ನು ಒಯ್ಯಲು ಬಂದವನು ಇನ್ನೆರಡು ಮಕ್ಕಳನ್ನು ತಂದು ಬಿಡುವವನಾದ. 

ಮಗು ಈಗಲೂ ಸ್ಕೂಲಿಗೆ ಹೋಗುತ್ತಾಳೆ, ಅಜ್ಜಿಯ ಮನೆಗೂ ಹೋಗುತ್ತಾಳೆ. ದೀಪದ ಎಣ್ಣೆ ನಾವು ಕೊಡುತ್ತೇವೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಅಜ್ಜಿ ಒಬ್ಬಳೇ, ವಯಸ್ಸಾಗಿದೆ, ಮಾಡು ಸೋರುತ್ತದೆ. ಅವಳು ಹಾಸಿಗೆ ಹಿಡಿದರೆ ಆ ಬೀದಿಯ ಮಕ್ಕಳೆಲ್ಲ ಮತ್ತೆ ರೈಲುಗೇಟಿಗೆ. ಮಾಗಡಿಯಲ್ಲಿ ಅಕ್ಕನ ಗೆಳತಿಯೊಬ್ಬಳು ಮಗುವಿನ ಸೊಂಟಕ್ಕೆ ಹಳೆಯ ಸೀರೆ ಕಟ್ಟಿ ಕಂಬಕ್ಕೆ ಬಿಗಿದು ಕಳೆ ಕೀಳಲು ಹೋಗುತ್ತಾಳಂತೆ. ಅವಳಿಗೆ ಯಾವ ಮನೆ ತೋರಿಸಲಿ? ಮಗ್ಗಿ ಕೂಗುವ ಜಗಲಿ ಊರಿಗೊಂದು ಸಿಗುತ್ತದೆ. ಅಮ್ಮ ಬರುವವರೆಗೆ ಬಿಡದೆ ಇಟ್ಟುಕೊಂಡು, ಆಮೇಲೆ ಏನಾಯಿತು ಅಂತ ಕೇಳುವ ಮನೆಯನ್ನು ಬೀದಿಯಲ್ಲಿ ನಿಂತು ಕಂಡುಹಿಡಿಯುವುದು ಹೇಗೆ, ನನಗಂತೂ ಇನ್ನೂ ಗೊತ್ತಾಗಿಲ್ಲ.

ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ. ನೀವು ಕನಕಪುರದವರಾಗಲಿ, ಮಾಗಡಿಯವರಾಗಲಿ, ನಿಮ್ಮ ಕೆಲಸ ಮುಗಿಯುವ ಮುಂಚೆ ನಿಮ್ಮ ಊರಲ್ಲಿ ದೀಪ ಹಚ್ಚಿದಾಗ ನಿಮ್ಮ ಮಗು ಯಾರ ಹೊಸಿಲ ಒಳಗಿತ್ತು? ಆ ಮನೆ ಸರಿ ಅಂತ ನಿಮಗೆ ಹೇಗೆ ಗೊತ್ತಾಯಿತು? ಮೋಸ ಹೋಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಮಾಗಡಿಯವಳಿಗೆ ಓದಿ ಹೇಳುತ್ತೇನೆ.