ಪುರಿ ಕೊಟ್ಟವಳ ಬಾಗಿಲು

ಕುರುಬರಹಳ್ಳಿಯ ಒಂದು ಸಂದಿಯಲ್ಲಿ ಈಗಲೂ ಒಬ್ಬರು ಬಿಸಿ ಮರಳಿನಲ್ಲಿ ಕಡಲೆಪುರಿ ಹುರಿಯುತ್ತಾರೆ. ಮೊನ್ನೆ ಮೊಣಕಾಲಿನ ಡಾಕ್ಟರನ್ನು ನೋಡಿಕೊಂಡು ಕುಂಟುತ್ತ ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು. ಬಿಸಿ ಪುರಿಯ ವಾಸನೆಗೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ನಾಚಿಕೆಯಾಗುತ್ತದೆ. ಐವತ್ತು ವರ್ಷ ದಾಟಿದ ನಾಚಿಕೆ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ನಿಮಗೆ ಹೇಳಿಬಿಡುತ್ತೇನೆ.

ಆಗ ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಮುಂದಿನ ಭಾಗದಲ್ಲಿ ನಾವು, ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಯವರು, ನಡುವೆ ಇಬ್ಬರಿಗೂ ಸೇರಿ ಒಂದೇ ನಲ್ಲಿ. ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ ಆ ಕೋಣೆಗಳಿಗೆ ಹವಾಲ್ದಾರ್ ಪುಟ್ಟಯ್ಯನವರೂ ಅವರ ಹೆಂಡತಿ ನಂಜಮ್ಮನೂ ಬಂದರು. ಪುಟ್ಟಯ್ಯನವರು ಪೂರ್ವ ಬಂಗಾಳದಲ್ಲಿ ಕಾದಾಡಿ, ಕಾಲಿಗೆ ಗುಂಡು ತಾಗಿಸಿಕೊಂಡು, ಸೈನ್ಯದಿಂದ ಬಿಡುಗಡೆಯಾಗಿ, ಹತ್ತಿರದ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸಕ್ಕೆ ಸೇರಿದ್ದರು. ಮಾತು ಕಡಿಮೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ಗೊಣಗದ ಏಕೈಕ ಬಾಡಿಗೆದಾರರು ಎಂದು ಅಮ್ಮ ಅವರಿಗೆ ಸರ್ಟಿಫಿಕೇಟು ಕೊಟ್ಟಿದ್ದಳು.

ನಾನು ಬಿ.ಎ. ಎರಡನೆಯ ವರ್ಷ. ಪಾಠಕ್ಕಿಂತ ಚರ್ಚಾಸ್ಪರ್ಧೆಯಲ್ಲಿ ಮುಂದು. ಯುದ್ಧಕ್ಕೆ ನನ್ನ ಒಟ್ಟು ಕಾಣಿಕೆ ಏನೆಂದರೆ, ಆಗ ಪ್ರತಿ ಕಾಗದಕ್ಕೂ ಹೆಚ್ಚಿಗೆ ಹಚ್ಚಬೇಕಾಗಿದ್ದ ನಿರಾಶ್ರಿತರ ಸ್ಟಾಂಪನ್ನು ನೆಕ್ಕಿ ಅಂಟಿಸಿದ್ದು. ಆದರೂ ಢಾಕಾವನ್ನು ಗೆದ್ದುಕೊಟ್ಟವಳು ನಾನೇ ಅನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದೆ. ನಮ್ಮಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಚರ್ಚಾಸ್ಪರ್ಧೆಯ ಕ್ರಮ ನಿಮಗೆ ಗೊತ್ತಿರಬಹುದು. ಪರವೋ ವಿರೋಧವೋ ಎಂಬುದನ್ನು ಚೀಟಿ ತೀರ್ಮಾನಿಸುತ್ತದೆ, ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ನಿಮಿಷಕ್ಕೆ ಒಂದು ಗಂಟೆ, ಐದಕ್ಕೆ ಇನ್ನೊಂದು. ಆ ಎರಡನೆಯ ಗಂಟೆಗೆ ಸರಿಯಾಗಿ, ಚಪ್ಪಾಳೆ ಬೀಳುವ ಕಡೆ ಮಾತು ನಿಲ್ಲಿಸುವುದೇ ದೊಡ್ಡ ವಿದ್ಯೆ, ಅದು ನನಗೆ ಚೆನ್ನಾಗಿ ಒಲಿದಿತ್ತು. ಆ ಸಲ ಬಡಾವಣೆಯ ಸಂಘದವರು ಇಟ್ಟಿದ್ದ ವಿಷಯ: ಹೊರದೇಶದ ಸೈನ್ಯ ಕಾಲಿಟ್ಟರೆ ಅಲ್ಲಿನ ಜನಸಾಮಾನ್ಯರ ಬಾಳು ಹಸನಾಗುತ್ತದೆ. ನನಗೆ ‘ಪರ’ ಚೀಟಿ ಬಂತು. ಹಿತ್ತಲಲ್ಲೇ ಯುದ್ಧ ಮಾಡಿ ಬಂದವರಿದ್ದಾರೆ, ಇನ್ನೇನು ಬೇಕು! ನೋಟ್‌ಬುಕ್ ಹಿಡಿದುಕೊಂಡು ನಲ್ಲಿಯ ಹತ್ತಿರ ಹೋಗಿ ಕುಳಿತೆ.

“ಏನ್ ಹೇಳ್ಲಿ ಅಮ್ಮಣ್ಣಿ,” ಎಂದರು ಪುಟ್ಟಯ್ಯನವರು. “ಎರಡು ದಿನದಿಂದ ನಮಗೆ ಊಟ ಇರ್ಲಿಲ್ಲ. ಒಂದು ಹಳ್ಳಿ ಸಿಕ್ತು. ಗಂಡಸರೇ ಇಲ್ಲ, ಪಾಕಿಸ್ತಾನದ ಸೈನ್ಯದೋರು ಎಳ್ಕೊಂಡ್ ಹೋಗಿದ್ರು. ಒಬ್ಬಳು ಹೆಂಗಸು, ಒಂದು ಹೆಣ್ಣುಮಗು, ಒಂದು ಗಂಡುಮಗು. ನಮ್ಮನ್ನ ನೋಡಿ ಓಡ್ಲಿಲ್ಲ. ಒಳಗೆ ಹೋಗಿ ಮೊರದ ತುಂಬ ಪುರಿ ತಂದು ಮುಂದೆ ಇಟ್ಲು. ತಿಂತಾ ತಿಂತಾ ನಮ್ಮಲ್ಲಿ ಅತ್ತೋರೂ ಇದ್ರು.”

ನಾನು ಸರಸರ ಬರೆದುಕೊಂಡೆ. “ಆಮೇಲೆ?”

“ಆಮೇಲೆ ಅವಳ ಮನೆ ಬಾಗಿಲು ಕಿತ್ವಿ.”

ನನ್ನ ಪೆನ್ಸಿಲು ನಿಂತಿತು.

“ಟ್ರೆಂಚು ತೋಡಿದ್ರೆ ಮೇಲೆ ಮುಚ್ಚೋಕೆ ಗಟ್ಟಿಯಾಗಿರೋದು ಬೇಕಲ್ಲ. ಬಾಗಿಲು ಅಡ್ಡ ಹಾಕಿ ಮೇಲೆ ಮಣ್ಣು ಸುರೀತೀವಿ. ಚಾವಣಿ ತಗಡೂ ತಗೊಂಡ್ವಿ. ಮಾರನೇ ದಿನ ಮುಂದಕ್ಕೆ ನಡೀರಿ ಅಂತ ಆರ್ಡರ್ ಆಯ್ತು. ವಾಪಸ್ ಜೋಡಿಸಿ ಕೊಡೋಕೆ ಟೈಮ್ ಎಲ್ಲಿ? ಡಿಸೆಂಬರ್ ಚಳಿ ಅಮ್ಮಣ್ಣಿ, ಆ ಕಡೆ ಹೊಳೆ ಬೇರೆ.” ತುಂಬಿದ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ, “ಅವಳು ಏನಾದ್ಲೋ ತಿಳೀಬೇಕು ನನಗೆ. ಊರಿನ ಹೆಸರು ಡೈರೀಲಿದೆ. ಅಲ್ಲಿ ಸ್ಕೂಲಿದೆ, ಇಂಗ್ಲಿಷಲ್ಲಿ ಬರೆದ್ರೆ ಮೇಷ್ಟ್ರು ಓದಿ ಹೇಳ್ತಾರೆ. ಒಂದು ಕಾಗದ ಬರ್ಕೊಡ್ತೀರಾ?” ಎಂದರು.

“ಸ್ಪರ್ಧೆ ಮುಗೀಲಿ ಹವಾಲ್ದಾರ್ರೇ, ಖಂಡಿತ ಬರ್ಕೊಡ್ತೀನಿ,” ಎಂದೆ.

ಸ್ಪರ್ಧೆಯ ದಿನ ಅಪ್ಪ ಪುಟ್ಟಯ್ಯನವರನ್ನೂ ನಂಜಮ್ಮನನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾನು ಹಸಿದ ಸಿಪಾಯಿಗಳನ್ನು ಹೇಳಿದೆ, ಗಂಡಸರಿಲ್ಲದ ಹಳ್ಳಿಯನ್ನು ಹೇಳಿದೆ, ದನಿ ತಗ್ಗಿಸಿ ಆ ತಾಯಿ ಒಳಗೆ ಹೋದದ್ದನ್ನು ಹೇಳಿದೆ. ಮೊರ ಹೊರಗೆ ಬರುವುದಕ್ಕೂ ಎರಡನೆಯ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಚಪ್ಪಾಳೆಯೋ ಚಪ್ಪಾಳೆ. ಮೊದಲ ಬಹುಮಾನ ನನಗೇ. ಸಂಘದವರಿಗೆ ಅದೂ ಸಾಲದೆ, ಪುಟ್ಟಯ್ಯನವರನ್ನು ವೇದಿಕೆಗೆ ಎಳೆದು ತಂದು ಕೊರಳಿಗೆ ಹಾರ ಹಾಕಿದರು. ಅವರು ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಬೂಟುಗಳನ್ನೇ ನೋಡುತ್ತ ನಿಂತಿದ್ದರು.

ಮರುದಿನ ನಲ್ಲಿಯ ಹತ್ತಿರ ನಾನೇ ದೊಡ್ಡ ಮನಸ್ಸು ಮಾಡಿ ಕೇಳಿದೆ, “ಕಾಗದ ಬರೀಲಾ ಹವಾಲ್ದಾರ್ರೇ?”

“ಬೇಡ ಬಿಡಿ ಅಮ್ಮಣ್ಣಿ. ಫ್ಯಾಕ್ಟರೀಲಿ ಟೈಪಿಸ್ಟ್ ಇದಾನೆ, ಅವನ ಕೈಲಿ ಬರೆಸ್ತೀನಿ.”

“ಯಾಕೆ, ನನಗೆ ಅಷ್ಟು ಇಂಗ್ಲಿಷ್ ಬರಲ್ವಾ?”

“ಬರತ್ತೆ. ಆದ್ರೆ ನೀವು ಬರೆದ್ರೆ ಚೆನ್ನಾಗಿರೋದಷ್ಟೇ ಬರೀತೀರಿ.”

ಕೋಪದಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅವರು ಹಾಗೆ ಅನ್ನಲಿಲ್ಲ, ಬಿಂದಿಗೆ ತುಂಬಿಸಿಕೊಂಡು ಒಳಗೆ ಹೋದರು. ನಾನು ಅಡುಗೆಮನೆಗೆ ಹೋಗಿ ಅಮ್ಮನ ಮುಂದೆ ಹಾರಾಡಿದೆ. ಅವರಿಗೆ ಹಾರ ಹಾಕಿಸಿದ್ದು ಯಾರು, ಇಷ್ಟಾದರೂ ಬೇಡವೇ ಎಂದೆಲ್ಲ ಕೂಗಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆಯೇ, “ಅವರೇನ್ ಹಾರ ಕೇಳಿದ್ರೇನೇ? ಕಾಗದ ಕೇಳಿದ್ರು,” ಎಂದಳು. ಆಮೇಲೆ ಎಷ್ಟೋ ದಿನ ನಾನು ನಲ್ಲಿಯ ಹತ್ತಿರ ಅವರು ಇಲ್ಲದ ಹೊತ್ತು ನೋಡಿಕೊಂಡು ಹೋಗುತ್ತಿದ್ದೆ.

ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ಪುಟ್ಟಯ್ಯನವರು ಒಡೆದ ಲಕೋಟೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಹಿಂದೆ ನಂಜಮ್ಮ.

“ಟೈಪಿಸ್ಟ್ ತಂಗಿ ಮದುವೆಗೆ ಅಂತ ಊರಿಗೆ ಹೋಗಿದಾನೆ. ಅವನು ಬರೋವರೆಗೂ ನನಗೆ ತಡೆಯಕ್ಕಾಗಲ್ಲ. ಓದಿ ಅಮ್ಮಣ್ಣಿ. ಎಲ್ಲಾ ಓದಿ.”

ಹಳ್ಳಿಯ ಮೇಷ್ಟ್ರು ಬರೆದ ಕಾಗದ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಆ ತಾಯಿ ಬದುಕಿದ್ದಾಳೆ. ನೀವು ಬರುವುದು ಇನ್ನು ಎರಡು ದಿನ ತಡವಾಗಿದ್ದರೆ ತಾನೂ ಇರುತ್ತಿರಲಿಲ್ಲ, ಮಗಳೂ ಇರುತ್ತಿರಲಿಲ್ಲ ಎಂದು ಹೇಳುತ್ತಾಳೆ. ಮಗಳು ನನ್ನ ಶಾಲೆಗೇ ಬರುತ್ತಾಳೆ ಎಂದು ಮೇಷ್ಟ್ರು ಬರೆದಿದ್ದರು. ನಂಜಮ್ಮ ಕೈ ಮುಗಿದರು. ಅಷ್ಟರಲ್ಲಿ ನನ್ನ ಕಣ್ಣು ಕೆಳಗೆ ಓಡಿ ಮುಂದಿನ ಸಾಲನ್ನು ಕಂಡುಬಿಟ್ಟಿತು. ಅಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿತು. ನಿಲ್ಲಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲವಲ್ಲ. ಪುಟ್ಟಯ್ಯನವರು ನನ್ನ ಮುಖವನ್ನೇ ನೋಡುತ್ತಿದ್ದರು.

ಓದಿದೆ. ಮನೆಗೆ ಬಾಗಿಲೂ ತಗಡೂ ಇರಲಿಲ್ಲವಾದ್ದರಿಂದ ಆ ಚಳಿಯಲ್ಲಿ ಹುಡುಗನಿಗೆ ಎದೆ ಕಟ್ಟಿತು. ಹತ್ತು ದಿನ ಇದ್ದು ಹೋದ. ಮೇಷ್ಟ್ರ ಕೊನೆಯ ಸಾಲು ಇದು: ಬಾಗಿಲನ್ನು ಹೊತ್ತುಕೊಂಡು ಹೋದ ಆ ಎತ್ತರದ ಸಿಪಾಯಿ ಯುದ್ಧದಲ್ಲಿ ಉಳಿದುಕೊಂಡನೇ, ಅವನ ತಾಯಿಗೆ ಅವನು ಸಿಕ್ಕಿದನೇ ಎಂದು ಆಕೆ ಕೇಳುತ್ತಾಳೆ.

ನಮ್ಮ ಬೀದಿಯಲ್ಲಿ ಪುಟ್ಟಯ್ಯನವರಷ್ಟು ಎತ್ತರದವರು ಇನ್ನೊಬ್ಬರಿರಲಿಲ್ಲ. ನನಗೆ ಹೇಳುವಾಗ ಅವರು ‘ಕಿತ್ವಿ’ ಎಂದೇ ಹೇಳಿದ್ದರು. ಟೈಪಿಸ್ಟನ ಹತ್ತಿರವೂ ‘ನಮ್ಮವರು’ ಎಂದೇ ಬರೆಸಿದ್ದರಂತೆ. ಹೆಂಡತಿಗೂ ಅಷ್ಟೇ ಗೊತ್ತಿತ್ತು ಎಂದು ನಂಜಮ್ಮ ತಿರುಗಿ ನೋಡಿದ ರೀತಿಯಿಂದ ತಿಳಿಯಿತು. ಪುಟ್ಟಯ್ಯನವರು ಹೊಸಿಲ ಮೇಲೆ ಕುಳಿತರು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

“ಈಗ ನೀವೇ ಬರೀರಿ ಅಮ್ಮಣ್ಣಿ,” ಎಂದರು. “ಆ ಎತ್ತರದವನು ನಾನೇ ಅಂತ ಮೊದ್ಲು ಬರೀರಿ.”

ಬರೆದೆ. ನಾನು ಬರೆದ ಇಂಗ್ಲಿಷಿನಲ್ಲಿ ಅದರಷ್ಟು ಚಿಕ್ಕ ಕಾಗದ ಇನ್ನೊಂದಿಲ್ಲ. ಅದಕ್ಕೆ ಉತ್ತರ ಬರಲಿಲ್ಲ. ಎರಡು ವರ್ಷದ ಮೇಲೆ ಅವರು ಕೆಂಗೇರಿಯ ಕಡೆ ಮನೆ ಮಾಡಿಕೊಂಡು ಹೋದರು.

ಈಗ ನಾನು ಬಸವೇಶ್ವರನಗರದ ಪಾರ್ಕಿನಲ್ಲಿ ಸುತ್ತು ಹಾಕುವ ಹಿರಿಯರ ಪೈಕಿ. ಪುರಿಯ ವಾಸನೆ ಕುಡಿದು ಬಂದ ಮರುದಿನ ಬೆಳಿಗ್ಗೆ, ಟೀವಿಯಲ್ಲಿ ನಡೆಯುತ್ತಿರುವ ಯಾವುದೋ ದೇಶದ ಯುದ್ಧವನ್ನು ನೋಡಿ ಬಿಸಿಯಾಗಿದ್ದ ಒಬ್ಬ ರಿಟೈರ್ಡ್ ಇಂಜಿನಿಯರು ನನ್ನನ್ನು ತಡೆದರು. “ಹೊರಗಿನೋರು ನುಗ್ಗಿದ್ರೇನೇ ಮೇಡಂ ಅಂಥ ಜನ ಉದ್ಧಾರ ಆಗೋದು. ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳಿ.”

ಒಂದೇ ಮಾತಿನಲ್ಲಿ ನನಗೆ ಬರುವುದಿಲ್ಲ. ನಮ್ಮವರು ಹೋಗಲೇಬೇಕಾಗಿತ್ತು ಎಂದು ಇವತ್ತಿಗೂ ನಂಬಿದ್ದೇನೆ. ಹೋದದ್ದರಿಂದ ಆ ಹುಡುಗಿ ಉಳಿದಳು, ಹೋದದ್ದರಿಂದಲೇ ಅವಳ ತಮ್ಮ ಉಳಿಯಲಿಲ್ಲ. ಇಬ್ಬರ ವಿಷಯವನ್ನೂ ಹೇಳಿದೆ, ಪುಟ್ಟಯ್ಯನವರ ವಿಷಯವನ್ನೂ ಹೇಳಿದೆ. ಇಂಜಿನಿಯರು ಪೂರ್ತಿ ಕೇಳಿ, ತಲೆ ತಗ್ಗಿಸಿಕೊಂಡು ಗೇಟಿನ ಕಡೆ ನಡೆದರು. ಮನೆಗೆ ಬಂದ ಮೇಲೆ ನೆನಪಾಯಿತು, ಹುಡುಗನಿಗೆ ಆಗ ನಾಲ್ಕು ವರ್ಷ ಎಂದು ಮೇಷ್ಟ್ರು ಬರೆದಿದ್ದರು, ಅದನ್ನು ಹೇಳುವುದನ್ನು ಮರೆತಿದ್ದೆ. ನಾಳೆ ಹೇಳಬೇಕು.