ಬಲಗಡೆಯ ಪೆಡಲ್

ಬಲಗಡೆಯ ಪೆಡಲ್ ಒತ್ತಿದರೆ ಹೋಗುತ್ತಿತ್ತು, ವಾಪಸು ಬರುತ್ತಿರಲಿಲ್ಲ. ಎಡಗಡೆಯದಕ್ಕೆ ಯಾವ ತಕರಾರೂ ಇರಲಿಲ್ಲ. ಕಾಂದಿವಲಿಯ ಬಾಡಿಗೆ ಶೆಡ್ಡಿನಲ್ಲಿ ನನ್ನ ಅಣ್ಣ ಆರು ವರ್ಷ ಹೆಣಗಿ ಕಟ್ಟಿದ ಒಂಟಿ ಸೀಟಿನ ವಿಮಾನ, ಬಾಲದ ಚುಕ್ಕಾಣಿಗೆ ಹೋಗುವ ಒಂದು ಕೇಬಲಿನ ದೆಸೆಯಿಂದ ಹೀಗೆ ಮೊಂಡು ಹಿಡಿದು ನಿಂತಿತ್ತು. ತಿಂಗಳ ಕೊನೆಗೆ ಸರ್ಕಾರದ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವರು ಒಪ್ಪಿದರೆ ಮಾತ್ರ ಅದನ್ನು ಹಾರಿಸಬಹುದಿತ್ತು.

ಎಪ್ಪತ್ತರ ದಶಕದ ಮಾತು. ಧಾರವಾಡ ಬಿಟ್ಟು ಬಂದ ಅಣ್ಣ ಅಂಧೇರಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ತಲೆಯ ಮೇಲೆ ದಿನವೂ ಹಾರುವ ವಿಮಾನಗಳನ್ನು ನೋಡಿ ನೋಡಿ ಹತ್ತಿದ ಹುಚ್ಚು ಇದು. ನಾನು ಗುಮಾಸ್ತ. ಭಾನುವಾರ ಬೊರಿವಲಿಯಿಂದ ಲೋಕಲ್ ರೈಲು ಹತ್ತಿ ಹೋಗಿ, ಅವನು ಹೇಳಿದ್ದನ್ನು ಹಿಡಿದುಕೊಂಡು ನಿಲ್ಲುವುದಷ್ಟೇ ನನ್ನ ಕೆಲಸ. ಅದೂ ನೆಟ್ಟಗೆ ಬರುತ್ತಿರಲಿಲ್ಲ. ಕೇಬಲ್ ತೂರಿಹೋಗುವ ಫೈಬರಿನ ತೂತುಬಿಲ್ಲೆಗಳಿಗೆ, ಅಣ್ಣನ ಮಾತಿನಲ್ಲಿ ಕಣ್ಣುಗಳಿಗೆ, ಅವನನ್ನು ಕೇಳದೆ ಗ್ರೀಸ್ ಮೆತ್ತಿದೆ. ಮರದ ಪುಡಿಯೆಲ್ಲ ಅದಕ್ಕೆ ಅಂಟಿ ಪೆಡಲ್ ಇನ್ನಷ್ಟು ಬಿಗಿಯಾಯಿತು. ಸೀಮೆಎಣ್ಣೆ ಹಾಕಿ ತೊಳೆಯುವುದರಲ್ಲೇ ಒಂದು ಭಾನುವಾರ ಹೋಯಿತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಅವನು ಒಂದೊಂದನ್ನೇ ಬಿಚ್ಚಿ ನೋಡಿದ. ಕೇಬಲ್ ಕಳಚಿ ಚುಕ್ಕಾಣಿಯನ್ನು ಕೈಯಿಂದ ಆಡಿಸಿದ, ಹಗುರಾಗಿ ತಿರುಗಿತು. ರಾಟೆ ಬದಲಿಸಿ ಕೇಬಲ್ ಮತ್ತೆ ಕಟ್ಟಿದ, ಬಿಗಿ ಕಡಿಮೆ ಮಾಡಿದ. ಏನೂ ಆಗಲಿಲ್ಲ. ಕೊನೆಗೆ ಕೇಬಲಿನ ಉದ್ದಕ್ಕೂ ಬೆರಳಾಡಿಸುತ್ತ ಹೋಗಿ ಹಿಂದಿನ ಕಣ್ಣಿನ ಹತ್ತಿರ ನಿಂತ. ಅಲ್ಲಿ ಫೈಬರ್ ಒಂದೇ ಮಗ್ಗುಲಿಗೆ ಸವೆದಿತ್ತು. ವಿಮಾನದ ಮೂಗಿನಿಂದ ಬಾಲದವರೆಗೆ ನಟ್ಟನಡುವೆ ಒಂದು ದಾರ ಎಳೆದು ಕಟ್ಟಿದ. ಬಾಲ ಆ ದಾರದಿಂದ ಎರಡು ಬೆರಳು ಎಡಕ್ಕೆ ಸರಿದಿತ್ತು. ಅದಕ್ಕೇ ಕೇಬಲ್ ಆ ಕಣ್ಣಿನ ಒಂದು ಮಗ್ಗುಲಿಗೆ ಉಜ್ಜಿ ಸಿಕ್ಕಿಕೊಳ್ಳುತ್ತಿತ್ತು.

ಶೆಡ್ಡಿನ ಉದ್ದ ಸಾಲದೆಂದು ವಿಮಾನವನ್ನು ಎರಡು ತುಂಡಾಗಿ ಕಟ್ಟಿ, ಹೊರಗಿನ ಓಣಿಯಲ್ಲಿ ಅಂಟು ಹಾಕಿ ಕೂಡಿಸಿ, ಬಾಲ ಬಾಗಿಲಿನಾಚೆ ಚಾಚುವಂತೆ ಮತ್ತೆ ಒಳಗೆ ತಳ್ಳಿದ್ದೆವು. ಬಾಲದ ತುದಿಯಲ್ಲಿ ನಿಂತವನು ನಾನು. ಬಿಗಿಯುವ ಮೊದಲು ಅಣ್ಣ, ಸೀದಾ ಇದೆಯೇ ನೋಡು ಎಂದಿದ್ದ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು ಸರಿಯಾಗಿ ನೋಡದೆಯೇ ಹೂಂ ಎಂದಿದ್ದೆ. ಈಗ ಬಿಡಿಸಲು ಹೋದರೆ ಮೈಯ ಪ್ಲೈವುಡ್ ಹಲಗೆಯೇ ಸೀಳುತ್ತಿತ್ತು. ಹೊರದೇಶದ ಆ ಪ್ಲೈವುಡ್ ಎರಡನೆಯ ಸಲ ಸಿಗುವಂಥದ್ದಲ್ಲ.

ತಪ್ಪು ನನ್ನದೆಂದು ಹೇಳಿದೆ. ಅಣ್ಣ ದಾರವನ್ನೇ ನೋಡುತ್ತಿದ್ದ.

“ಕಣ್ಣಿನ ತೂತು ಒಂಚೂರು ಅಗಲ ಮಾಡಿದ್ರ ಪೆಡಲ್ ಸಡ್ಲ ಆಗ್ತೈತಿ,” ಎಂದ. “ಇನ್‌ಸ್ಪೆಕ್ಟರಿಗೂ ತಿಳಿಯಂಗಿಲ್ಲ.”

ಹಾಗೇ ಮಾಡಲಿ ಎಂದು ಮನಸ್ಸು ಹಂಬಲಿಸಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಸೊಟ್ಟ ಬಾಲದ ವಿಮಾನದಲ್ಲಿ ಅಣ್ಣ ಮೇಲೇರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆದರೂ ನನ್ನ ತಪ್ಪು ಮುಚ್ಚಿಹೋಗುತ್ತದಲ್ಲ ಎಂದೇ ಮೊದಲು ಅನ್ನಿಸಿದ್ದು.

ಅಣ್ಣ ನನ್ನನ್ನು ಸೀಟಿನಲ್ಲಿ ಕೂರಿಸಿ, ಬಲಗಡೆಯ ಪೆಡಲ್ ಒತ್ತಿ ಹಿಡಿಯಲು ಹೇಳಿದ. ತೂತು ದೊಡ್ಡದು ಮಾಡುತ್ತಾನೆಂದುಕೊಂಡೆ. ಅವನು ಗೋಡೆಯ ಮೇಲಿದ್ದ ತಂತಿ ಕತ್ತರಿಸುವ ಇಕ್ಕಳ ತೆಗೆದುಕೊಂಡು ಬಂದ.

“ಹಿಂಗ ಬಿಟ್ರ ನಾನ ಒಂದಿನ ಇದರಾಗ ಕುಂತು ಹಾರಿಸಿಬಿಡ್ತೀನಿ, ತಮ್ಮಾ,” ಎಂದ. “ಬಿಗಿಯಾಗಿ ಹಿಡಿ.”

ಹಿಡಿದೆ. ಅವನು ಕೇಬಲಿಗೆ ಇಕ್ಕಳ ಕಚ್ಚಿಸಿ ಎರಡು ಕೈಯಿಂದಲೂ ಅದುಮಿದ. ಪೆಡಲ್ ಯಾವ ತಡೆಯೂ ಇಲ್ಲದೆ ನೆಲಕ್ಕೆ ಹೋಯಿತು.